ಕಾಗೆಯಲ್ಲದ ಕಾಗೆ

ಬೆಂಗಳೂರು, ಮೈಸೂರುಗಳ ಹಳೆಯ ಬಡಾವಣೆಗಳಲ್ಲಿ ಬೆಳಗಿನ ಹೊತ್ತು ಕಾಂಪೌಂಡಿನ ಗೋಡೆಯ ಮೇಲೋ, ಹಿತ್ತಿಲ ದಾಸವಾಳದ ಬುಡದಲ್ಲೋ ಒಮ್ಮೊಮ್ಮೆ ವಿಚಿತ್ರವಾದ ‘ಕಾಗೆ’ಯೊಂದು ಕಾಣಿಸಿಕೊಳ್ಳುತ್ತದೆ. ಮೈಯೆಲ್ಲ ಮಿರುಗುವ ಕಪ್ಪು. ಗಾತ್ರ ಹೆಚ್ಚುಕಡಿಮೆ ಕಾಡುಕಾಗೆಯಷ್ಟು. ಆದರೆ ರೆಕ್ಕೆಗೆ ಮಾತ್ರ ಸುಟ್ಟ ಇಟ್ಟಿಗೆಯ ಬಣ್ಣ. ಬಾಲ ಉದ್ದ, ಕಣ್ಣು ಕೆಂಡ. ಜನ ಕಂಡರೆ ಹಾರಿಹೋಗದೆ ಗತ್ತಿನಿಂದ ನಡೆದು ಪೊದೆಯೊಳಗೆ ನುಸುಳಿಬಿಡುತ್ತದೆ. ನೋಡಿದವರು ಕಾಗೆಗೆ ಏನೋ ರೋಗ ಬಡಿದಿದೆ ಎಂದೋ, ಇದು ಕಾಗೆಯ ಬೆರಕೆ ಜಾತಿ ಎಂದೋ ತಿಳಿಯುವುದುಂಟು.

ಅದು ಕೆಂಬೂತ. ಹೆಸರು ಕೇಳದ ಕನ್ನಡಿಗರಿಲ್ಲ. ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿತು ಎಂಬ ಗಾದೆಯನ್ನು ಆಗದವರ ಮೇಲೆ ಪ್ರಯೋಗಿಸದವರೂ ಕಡಿಮೆ. ಹಾಗಿದ್ದೂ ಹಕ್ಕಿ ಎದುರಿಗೆ ಬಂದಾಗ ಅದೇ ಇದು ಎಂದು ಗುರುತಿಸುವವರು ವಿರಳ. ಗಾದೆ ಉಳಿಯಿತು, ಹಕ್ಕಿ ಮರೆಯಿತು.

ಗಾದೆಯೂ ಹಕ್ಕಿಗೆ ನ್ಯಾಯ ಮಾಡಿಲ್ಲ. ಬೆಳಗಿನ ಎಳೆಬಿಸಿಲಿಗೆ ಪೊದೆಯ ನೆತ್ತಿಯ ಮೇಲೆ ಕುಳಿತು ರೆಕ್ಕೆ ಬಿಚ್ಚಿ ಮೈಕಾಯಿಸಿಕೊಳ್ಳುವುದು ಕೆಂಬೂತದ ನಿತ್ಯದ ಅಭ್ಯಾಸ. ಗಾದೆ ಹುಟ್ಟಿದ್ದು ಬಹುಶಃ ಈ ನೋಟದಿಂದಲೇ. ಪಾಪ, ಬಿಸಿಲು ಕಾಯಿಸುವ ಹಕ್ಕಿಯ ತಲೆಗೆ ನವಿಲಿನ ಮೇಲಣ ಹೊಟ್ಟೆಕಿಚ್ಚನ್ನು ಕಟ್ಟಲಾಯಿತು.

ಹೆಸರಿನ ಕಥೆಯೂ ಹೀಗೆಯೇ. ‘ಕೆಂ’ ಎಂದರೆ ಕೆಂಪು, ಅದರಲ್ಲಿ ಗೊಂದಲವಿಲ್ಲ. ಉಳಿದ ಭಾಗವನ್ನು ‘ಭೂತ’ ಎಂದು ಓದಿ, ಕೆಂಪು ಭೂತ ಎಂದು ಅರ್ಥ ಹೇಳುವವರಿದ್ದಾರೆ. ಪೊದೆಯೊಳಗಿನಿಂದ ಕೊಡದ ಬಾಯಲ್ಲಿ ಊದಿದಂತೆ ಬರುವ ‘ಗೂಪ್ ಗೂಪ್ ಗೂಪ್’ ಸದ್ದನ್ನು ಮುಸ್ಸಂಜೆಯಲ್ಲಿ ಕೇಳಿದವರಿಗೆ ಆ ಅರ್ಥ ಸರಿಯೆನಿಸಲೂಬಹುದು. ಆದರೆ ತಮಿಳಿನಲ್ಲಿ ಇದು ಸೆಂಬೋತ್ತು, ಮಲಯಾಳದಲ್ಲಿ ಚೆಂಬೋತ್ತ್. ಕನ್ನಡದ ಕಿವಿ ತಮಿಳಿನಲ್ಲಿ ಸೆವಿ ಆಗುವಂತೆ ನಮ್ಮ ‘ಕೆಂ’ ಅಲ್ಲಿ ‘ಸೆಂ’. ಮೂರು ಭಾಷೆಗಳೂ ಹಂಚಿಕೊಂಡಿರುವ ಹಳೆಯ ಹೆಸರಿದು. ಭೂತ ಆಮೇಲೆ ಮೆಟ್ಟಿಕೊಂಡದ್ದು ಎನ್ನಬೇಕು. ಕನ್ನಡದಲ್ಲಿಯೇ ಇನ್ನೊಂದು ಹೆಸರು ಸಾಂಬಾರಗಾಗೆ. ತೆಲುಗರೂ ಇದನ್ನು ಜೆಮುಡು ಕಾಕಿ ಎಂದು ಕಾಗೆಯ ಪಂಗಡಕ್ಕೇ ಸೇರಿಸಿದರು. ಮರಾಠಿಗರಿಗೆ ಮಾತ್ರ ಇದು ಭಾರದ್ವಾಜ. ಬೆಳಿಗ್ಗೆ ಕಂಡರೆ ಶುಭ.

ಬ್ರಿಟಿಷರು ಎಡವಿದ್ದು ಬೇರೊಂದು ಕಡೆ. ಕಾಗೆಯಂತೆ ಕಪ್ಪು, ಫೆಸೆಂಟ್ ಎಂಬ ಅವರ ನಾಡಿನ ಬೇಟೆಯ ಹಕ್ಕಿಯಂತೆ ಉದ್ದ ಬಾಲ. ಹಾಗಾಗಿ ‘ಕ್ರೋ ಫೆಸೆಂಟ್’ ಎಂದರು. ಭಾರತಕ್ಕೆ ಹೊಸದಾಗಿ ಬಂದಿಳಿದ ಇಂಗ್ಲಿಷರನ್ನು ಆಗ ‘ಗ್ರಿಫಿನ್’ ಎಂದು ಹಾಸ್ಯ ಮಾಡುತ್ತಿದ್ದರು. ಈ ಹೊಸಬರು ಒಳ್ಳೆಯ ಶಿಕಾರಿ ಸಿಕ್ಕಿತೆಂದು ಕೆಂಬೂತವನ್ನು ಹೊಡೆದು, ಬೇಯಿಸಿ, ಬಾಯಿಗಿಟ್ಟಾಗ ಅದರ ಕೆಟ್ಟ ರುಚಿಗೆ ಮುಖ ಕಿವುಚಿದರಂತೆ. ‘ಗ್ರಿಫ್ಸ್ ಫೆಸೆಂಟ್’ ಎಂಬ ಅಡ್ಡಹೆಸರು ಬಂದದ್ದು ಹೀಗೆ.

ನಿಜವಾದ ಗುರುತು ಇರುವುದು ಕಾಲಿನಲ್ಲಿ. ಕಾಗೆಗೆ ಮೂರು ಬೆರಳು ಮುಂದೆ, ಒಂದು ಹಿಂದೆ. ಕೆಂಬೂತಕ್ಕೆ ಎರಡು ಮುಂದೆ, ಎರಡು ಹಿಂದೆ. ಹಿಂಬೆರಳೊಂದರಲ್ಲಿ ನೇರವಾದ ಉದ್ದನೆಯ ಉಗುರು. ಇದು ಕೋಗಿಲೆಯ ಕುಟುಂಬದ ಹಕ್ಕಿ. ಆ ಉಗುರಿನಿಂದಲೇ ವಿಜ್ಞಾನಿಗಳು ಇದರ ಕುಲವನ್ನು ‘ಸೆಂಟ್ರೋಪಸ್’, ಅಂದರೆ ಮುಳ್ಳುಗಾಲು, ಎಂದು ಕರೆದರು. 1815ರಲ್ಲಿ ಸ್ಟೀಫೆನ್ಸ್ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ಇದನ್ನು ವರ್ಣಿಸಿದಾಗ ಎದುರಿಗಿದ್ದ ಮಾದರಿ ಚೀನಾದ್ದು. ಹೀಗಾಗಿ ನಮ್ಮ ಬೇಲಿಸಾಲಿನ ಹಕ್ಕಿಗೆ ‘ಸೈನೆನ್ಸಿಸ್’, ಚೀನಾದೇಶದ್ದು, ಎಂಬ ವಿಶೇಷಣ ಅಂಟಿಕೊಂಡಿತು.

ಕೋಗಿಲೆಯ ನೆಂಟನಾದರೂ ನಡತೆಯಲ್ಲಿ ಇದು ಬೇರೆ. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಕೈತೊಳೆದುಕೊಳ್ಳುವುದು ಕೋಗಿಲೆ. ಕೆಂಬೂತದ ಜೋಡಿ ಒತ್ತಾದ ಪೊದೆಯೊಳಗೆ ತಾನೇ ಗುಮ್ಮಟದಂಥ ಗೂಡು ಹೆಣೆದು ಮರಿ ಸಾಕುತ್ತದೆ. ಬಸವನಹುಳು, ಕಂಬಳಿಹುಳು, ಹಲ್ಲಿ, ಇಲಿಮರಿ, ಸಣ್ಣ ಹಾವು ಎಲ್ಲವೂ ಇದಕ್ಕೆ ಆಹಾರ. ತೋಟಗಳನ್ನು ನುಂಗುವ ಆಫ್ರಿಕಾದ ದೈತ್ಯ ಬಸವನಹುಳುವನ್ನೂ ಬಿಡುವುದಿಲ್ಲ. ಬೇರೆ ಹಕ್ಕಿಗಳ ಮೊಟ್ಟೆ ಕದಿಯುವುದೂ ಉಂಟು. ಆ ಒಂದು ವಿಷಯದಲ್ಲಿ ಕಾಗೆಯ ಹೋಲಿಕೆ ಸುಳ್ಳಲ್ಲ.

ಗುರುತು ತಪ್ಪುವುದು ಬರಿಯ ಕುತೂಹಲದ ಮಾತಾಗಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಊರಕಾಗೆಯನ್ನು ಇಲಿ, ಬಾವಲಿಗಳ ಸಾಲಿನಲ್ಲಿ ಐದನೆಯ ಅನುಸೂಚಿಗೆ ಹಾಕಿತ್ತು. ಅಂದರೆ ಅದು ಪೀಡೆ, ಕೊಂದರೂ ಕೇಳುವವರಿಲ್ಲ. ಕೋಗಿಲೆಯ ಕುಟುಂಬಕ್ಕೆ ಅದೇ ಕಾಯ್ದೆಯ ರಕ್ಷಣೆಯಿತ್ತು. ಕಾಗೆ ಎಂದುಕೊಂಡು ಕೆಂಬೂತಕ್ಕೆ ಕಲ್ಲು ಬೀಸಿದವನು ತನಗೇ ತಿಳಿಯದೆ ಅಪರಾಧಿಯಾಗುತ್ತಿದ್ದ. 2022ರ ತಿದ್ದುಪಡಿಯಲ್ಲಿ ಆ ಪೀಡೆಗಳ ಪಟ್ಟಿಯೇ ಹೋಯಿತು. ಇನ್ನು ಇದರ ಮಾಂಸ ಕೆಮ್ಮಿಗೆ, ಕ್ಷಯಕ್ಕೆ ಮದ್ದೆಂಬ ಹಳೆಯ ನಂಬಿಕೆ ಸರಿಯಾಗಿ ಗುರುತಿಸಿದವರಿಂದಲೇ ಹಕ್ಕಿಗೆ ಒದಗಿದ ಕುತ್ತು. ಅದಕ್ಕೆ ವೈದ್ಯಶಾಸ್ತ್ರದ ಆಧಾರವಿಲ್ಲ.

ನಗರದಲ್ಲಿ ಈಗ ಇದಕ್ಕೆ ಬೇಕಾದದ್ದು ದೊಡ್ಡ ಕಾಡಲ್ಲ. ಕೆಂಬೂತ ದೂರ ಹಾರಲಾರದು. ಕೊಂಬೆಯಿಂದ ಕೊಂಬೆಗೆ ಜಿಗಿದು ಮೇಲೇರಿ, ಅಲ್ಲಿಂದ ತೇಲಿ ಪಕ್ಕದ ಪೊದೆಗೆ ಇಳಿಯುತ್ತದೆ. ಖಾಲಿ ನಿವೇಶನದ ಲಂಟಾನ, ಕೆರೆಯಂಚಿನ ಜೊಂಡು, ಕತ್ತರಿಸದೆ ಬಿಟ್ಟ ಬೇಲಿ, ಇಷ್ಟು ಒಂದಕ್ಕೊಂದು ಹತ್ತಿರದಲ್ಲಿದ್ದರೆ ಅದರ ಸಂಸಾರ ಸಾಗುತ್ತದೆ.