ಸಿಡಿಯದ ನೆಲಬಾಂಬ್: ತರಬೇತಿ ಮೈನುಗಳನ್ನು ಚರಿತ್ರೆಯ ಆಕರವಾಗಿ ಓದುವ ಬಗೆ

ಸಿಡಿದ ನೆಲಬಾಂಬ್ ತನ್ನ ಸಾಕ್ಷ್ಯವನ್ನು ತಾನೇ ಅಳಿಸಿಹಾಕುತ್ತದೆ. ಸಿಡಿಯದೆ ಮಣ್ಣಿನಲ್ಲಿ ಉಳಿದದ್ದನ್ನು ತೆರವು ತಂಡದವರು ಸಾಮಾನ್ಯವಾಗಿ ಇದ್ದಲ್ಲಿಯೇ ಸಿಡಿಸಿಬಿಡುತ್ತಾರೆ. ಉಗ್ರಾಣಗಳಲ್ಲಿ ಪೇರಿಸಿಟ್ಟಿದ್ದ ಐದು ಕೋಟಿಗೂ ಹೆಚ್ಚು ಮೈನುಗಳನ್ನು ಒಟ್ಟಾವಾ ಒಪ್ಪಂದಕ್ಕೆ ಸೇರಿದ ದೇಶಗಳು ನಾಶಪಡಿಸಿವೆ. ಈ ಮೂರೂ ದಾರಿಯಲ್ಲಿ ವಸ್ತು ಇಲ್ಲವಾಗುತ್ತದೆ. ಇಡಿಯಾಗಿ ಉಳಿದುಬರುವುದು ಹೆಚ್ಚಾಗಿ, ಸೈನಿಕರಿಗೆ ಪಾಠ ಹೇಳಲೆಂದೇ ಮದ್ದಿಲ್ಲದೆ ತಯಾರಿಸಿದ ತರಬೇತಿ ಮೈನು. ಹಾಗಾಗಿ ಇಪ್ಪತ್ತನೆಯ ಶತಮಾನದ ಅತ್ಯಂತ ಕ್ರೂರ ಆಯುಧಗಳಲ್ಲಿ ಒಂದರ ವಸ್ತುಚರಿತ್ರೆಯನ್ನು ಬರೆಯಹೊರಟವರಿಗೆ, ಸಂಗ್ರಹಕಾರರ ಕಪಾಟಿನಲ್ಲಿರುವ ಈ ನಿಷ್ಕ್ರಿಯ ಪ್ರತಿಗಳು ಆಟಿಕೆಗಳೂ ಅಲ್ಲ, ಯುದ್ಧದ ನೆನಪಿನ ಕಾಣಿಕೆಗಳೂ ಅಲ್ಲ. ಅವು ದಾಖಲೆಗಳು, ಅವನ್ನು ಶಾಸನದಂತೆ ಓದಬೇಕು ಎಂಬುದು ಈ ಲೇಖನದ ವಾದ.

ಮೊದಲು ಪದದ ಮಾತು. ‘ಮೈನ್’ ಎಂದರೆ ಮೂಲದಲ್ಲಿ ನೆಲದಡಿ ಕೊರೆದ ದಾರಿ. ಕೋಟೆಯ ಬುಡಕ್ಕೆ ಸುರಂಗ ತೋಡಿ, ಮದ್ದು ತುಂಬಿ, ಗೋಡೆ ಹಾರಿಸುವ ವಿದ್ಯೆ ಅದು. ಹಿಂದಿಯ ‘ಬಾರೂದೀ ಸುರಂಗ್’ ಎಂಬ ಮಾತಿನಲ್ಲಿ ಆ ಹಳೆಯ ನೆನಪು ಇನ್ನೂ ಉಳಿದಿದೆ. ನಮ್ಮ ಪತ್ರಿಕೆಗಳ ‘ನೆಲಬಾಂಬ್’ ಅದನ್ನು ಕಳೆದುಕೊಂಡಿದೆ. 1917ರ ಜೂನ್‌ನಲ್ಲಿ ಬೆಲ್ಜಿಯಂನ ಮೆಸೀನ್ ದಿಬ್ಬದಡಿ ಬ್ರಿಟಿಷರು ಸಿಡಿಸಿದ 19 ಮೈನುಗಳೂ ಇಂಥ ಸುರಂಗಗಳೇ. ಕಾಲಿಟ್ಟವನೇ ಸಿಡಿಸಿಕೊಳ್ಳುವ, ಇಂದು ನಾವು ನೆಲಬಾಂಬ್ ಎಂದು ಕರೆಯುವ ಆಯುಧಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಬೇರೆಯೇ ಹೆಸರಿತ್ತು: ಟಾರ್ಪೆಡೊ. ಅಮೆರಿಕದ ಅಂತರ್ಯುದ್ಧದಲ್ಲಿ, 1862ರ ಮೇ ತಿಂಗಳಲ್ಲಿ, ದಕ್ಷಿಣದ ಸೇನಾನಿ ಗೇಬ್ರಿಯಲ್ ರೇನ್ಸ್ ಯಾರ್ಕ್‌ಟೌನಿನಿಂದ ಹಿಮ್ಮೆಟ್ಟುವಾಗ ಫಿರಂಗಿ ಗುಂಡುಗಳನ್ನು ದಾರಿಯಲ್ಲಿ ಹೂತಿಟ್ಟ. ಅವನದೇ ಪಕ್ಷದ ಲಾಂಗ್‌ಸ್ಟ್ರೀಟ್ ಇದು ಯುದ್ಧಧರ್ಮಕ್ಕೆ ತಕ್ಕದ್ದಲ್ಲವೆಂದು ತಡೆದ. ಎದುರಾಳಿ ಮೆಕ್ಲೆಲನ್, ಹೂತವುಗಳನ್ನು ತೆಗೆಯಲು ದಕ್ಷಿಣದ ಕೈದಿಗಳನ್ನೇ ಹಚ್ಚಿದ. ಎರಡು ವರ್ಷದ ನಂತರ ಸವಾನ್ನಾ ಬಳಿ ಉತ್ತರದ ಸೇನಾನಿ ಶರ್ಮನ್ ಮಾಡಿದ್ದೂ ಅದನ್ನೇ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಮೈನು ತೆಗೆಯುವುದು ಆಗ ಕಲಿಯಬೇಕಾದ ಕಸುಬಾಗಿರಲಿಲ್ಲ, ಶಿಕ್ಷೆಯಾಗಿತ್ತು. ಶಿಕ್ಷೆಗೆ ತರಬೇತಿಯ ಸಾಮಗ್ರಿ ಬೇಕಾಗುವುದಿಲ್ಲ.

‘ಟಾರ್ಪೆಡೊ’ ಎಂಬ ಆ ಹಳೆಯ ಹೆಸರು ನಮ್ಮ ಊರಿಗೂ ಅಂಟಿಕೊಂಡಿದೆ. 1912ರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಆ್ಯಂಡ್ ಮೈನರ್ಸ್ ದಳದಲ್ಲಿದ್ದ ಕ್ಯಾಪ್ಟನ್ ಮೆಕ್ಲಿಂಟಾಕ್, ಮದ್ದು ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ ಮುಳ್ಳುತಂತಿಯ ಬೇಲಿಯಡಿ ತಳ್ಳಿ ಸಿಡಿಸುವ ಸಾಧನವನ್ನು ರೂಪಿಸಿದ. ಅದೇ ಬೆಂಗಳೂರು ಟಾರ್ಪೆಡೊ. ತಂತಿಬೇಲಿಗಾಗಿ ಹುಟ್ಟಿದ ಅದು ಮುಂದೆ ಮೈನು ಹೂತ ನೆಲದಲ್ಲಿ ಕಾಲುದಾರಿ ತೆರೆಯಲೂ ಬಳಕೆಯಾಯಿತು, 1944ರಲ್ಲಿ ನಾರ್ಮಂಡಿಯ ಕಡಲತೀರಕ್ಕೂ ಹೋಯಿತು. ಹಲಸೂರು ಕೆರೆಯ ದಂಡೆಯಲ್ಲಿ ಇಂದಿಗೂ ಕಾಣುವ ಆ ದಳದ ನೆಲೆಯಿಂದ ಮೈನಿನ ಜಾಗತಿಕ ಚರಿತ್ರೆಯೊಳಕ್ಕೆ ಹೀಗೊಂದು ನೇರ ದಾರಿ ಇದೆ.

ತೆರವು ಕಸುಬಾದದ್ದು ಎರಡನೆಯ ಮಹಾಯುದ್ಧದಲ್ಲಿ. ಅದಕ್ಕೆ ಜರ್ಮನ್ನರ ಎರಡು ಮೈನುಗಳು ಕಾರಣವೆಂದರೆ ಅತಿಶಯೋಕ್ತಿಯಲ್ಲ. ಒಂದು ಟೆಲ್ಲರ್‌ಮೈನ್. ಜರ್ಮನ್ ಭಾಷೆಯಲ್ಲಿ ‘ಟೆಲ್ಲರ್’ ಎಂದರೆ ತಟ್ಟೆ. ಸುಮಾರು ಐದೂವರೆ ಕಿಲೋ ಮದ್ದಿನ ಈ ಟ್ಯಾಂಕ್ ನಿರೋಧಕ ತಟ್ಟೆಯ ಮೇಲಿನ ಫ್ಯೂಜ್ ಕಣ್ಣಿಗೆ ಕಾಣುತ್ತದೆ. ಆದರೆ ಪಕ್ಕದಲ್ಲಿ ಒಂದು, ತಳದಲ್ಲಿ ಒಂದು, ಹೀಗೆ ಇನ್ನೂ ಎರಡು ಫ್ಯೂಜ್ ಗೂಡುಗಳಿರುತ್ತಿದ್ದವು. ಮೇಲಿನದನ್ನು ಬಿಚ್ಚಿ, ಗೆದ್ದೆನೆಂದು ತಟ್ಟೆಯನ್ನು ಎತ್ತಿದವನನ್ನು ಕೊಲ್ಲುತ್ತಿದ್ದುದು ಆ ಅಡಗಿದ ಗೂಡು. ಇನ್ನೊಂದು ಎಸ್-ಮೈನ್. ಕಾಲು ತಗುಲಿದ ಕೆಲವು ಕ್ಷಣಗಳ ನಂತರ ಅದು ನೆಲದಿಂದ ಸುಮಾರು ಒಂದು ಮೀಟರ್ ಮೇಲಕ್ಕೆ ಚಿಮ್ಮಿ ಸಿಡಿಯುತ್ತಿತ್ತು, ಮುನ್ನೂರಕ್ಕೂ ಹೆಚ್ಚು ಉಕ್ಕಿನ ಗುಂಡುಗಳನ್ನು ಸುತ್ತಲೂ ಎರಚುತ್ತಿತ್ತು. ಪೋಲೆಂಡಿನ ಎಂಜಿನಿಯರ್ ಯೂಜೆಫ್ ಕೊಸಾಟ್ಸ್ಕಿ ರೂಪಿಸಿದ ಶೋಧಕ ಯಂತ್ರ 1942ರಲ್ಲಿ ಎಲ್ ಅಲಮೈನ್ ತಲುಪಿದಾಗ ಲೋಹ ಹುಡುಕುವ ಕೆಲಸ ಸುಲಭವಾಯಿತು. ಜರ್ಮನ್ನರು ಮರದ ಪೆಟ್ಟಿಗೆ, ಗಾಜಿನ ಬಟ್ಟಲುಗಳಿಂದ ಮೈನು ಮಾಡಿ ಉತ್ತರ ಕೊಟ್ಟರು. ಯಂತ್ರ ಸೋತ ಕಡೆ ಬೆರಳೇ ಗತಿ. ಆ ಬೆರಳಿಗೆ ಅಭ್ಯಾಸ ಮಾಡಿಸಲು ನಿಜದ ಆಕಾರ, ನಿಜದ ತೂಕ, ನಿಜದ ಗೂಡುಗಳಿರುವ, ಮದ್ದು ಮಾತ್ರ ಇಲ್ಲದ ಪ್ರತಿ ಬೇಕಾಯಿತು.

ಆ ಕಸುಬಿನ ಬೆಲೆ ಏನೆಂದು ಬೆಂಗಳೂರಿನ ದಳಕ್ಕೆ ಚೆನ್ನಾಗಿ ಗೊತ್ತು. 1944ರಲ್ಲಿ ಇಟಲಿಯಲ್ಲಿ ಮೈನು ತೆರವಿನಲ್ಲಿದ್ದ ಮದ್ರಾಸ್ ಸ್ಯಾಪರ್ಸ್‌ನ ಸುಬೇದಾರ್ ಸುಬ್ರಮಣಿಯನ್, ಜೊತೆಗಾರನ ಹೆಜ್ಜೆಗೆ ಮೈನೊಂದು ಚಾಲೂ ಆದದ್ದನ್ನೂ ಕ್ಷಣಗಳಲ್ಲಿ ಅದು ಸಿಡಿಯಲಿರುವುದನ್ನೂ ಅರಿತು, ಅದರ ಮೇಲೆ ತಾವೇ ಬಿದ್ದು ಉಳಿದವರನ್ನು ಕಾಪಾಡಿದರು. ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಸಂದಿತು. ಆ ಕೆಲವು ಕ್ಷಣಗಳಿಗೆ ಅರ್ಥವೇನೆಂದು ತಿಳಿದಿದ್ದವರಷ್ಟೇ ಅವನ್ನು ಹಾಗೆ ಬಳಸಬಲ್ಲರು.

ಇನ್ನು ವಸ್ತುವಿನ ಓದು. ಸಂಗ್ರಹಕಾರರು ‘ಇನರ್ಟ್’ ಎಂದು ಒಂದೇ ಮಾತಿನಲ್ಲಿ ಕರೆಯುವುದರಲ್ಲಿ ನಾಲ್ಕು ಬೇರೆ ಬೇರೆ ಜಾತಿಗಳಿವೆ. ಡ್ರಿಲ್ ಅಥವಾ ಡಮ್ಮಿ ಮೈನಿನೊಳಗೆ ಸಿಡಿಯುವಂಥದ್ದು ಏನೂ ಇರುವುದಿಲ್ಲ; ಹೂಳುವ, ತಡವುವ, ಎತ್ತುವ ಕ್ರಮವನ್ನು ಕೈಗೆ ಕೂರಿಸಲು ಅದು. ಪ್ರಾಕ್ಟೀಸ್ ಮೈನಿನಲ್ಲಿ ಹೊಗೆಯ ಅಥವಾ ಸದ್ದಿನ ಸಣ್ಣ ಮದ್ದು ಇರುತ್ತದೆ. ಮೂರನೆಯದು ಸೀಳಿ ತೋರಿಸುವ ಮಾದರಿ: ಒಡಲನ್ನು ಕತ್ತರಿಸಿ, ಸ್ಪ್ರಿಂಗು, ಸೂಜಿ, ಮದ್ದಿನ ಜಾಗಗಳನ್ನು ಒಂದೊಂದು ಬಣ್ಣದಲ್ಲಿ ತೋರಿಸುವ, ತರಗತಿಯ ಮೇಜಿನ ಮೇಲಿಡುವ ವಸ್ತು. ನಾಲ್ಕನೆಯದು, ಹುಟ್ಟುವಾಗ ಜೀವಂತವಾಗಿದ್ದು ಆಮೇಲೆ ಮದ್ದು ತೆಗೆಸಿಕೊಂಡದ್ದು; ಬ್ರಿಟಿಷರು ಇದಕ್ಕೆ ‘ಎಫ್‌ಎಫ್‌ಇ’, ಅಂದರೆ ಸ್ಫೋಟಕವಿಲ್ಲದ್ದು, ಎಂಬ ಗುರುತು ಹಾಕುತ್ತಿದ್ದರು. ಜರ್ಮನ್ನರು ಅಭ್ಯಾಸದ ಸಾಮಗ್ರಿಗೆ ‘ಊಬ್’, ಕವಾಯತಿನದಕ್ಕೆ ‘ಎಕ್ಸ್’ ಎಂಬ ಅಕ್ಷರಗಳನ್ನು ಬಳಸಿದರು. ಸೋವಿಯತ್ ಪ್ರತಿಗಳ ಮೇಲೆ ‘ಇನೆರ್ಟ್’ ಎಂಬ ಪದ ರಷ್ಯನ್ ಲಿಪಿಯಲ್ಲಿ ಕಾಣುತ್ತದೆ. ಅಮೆರಿಕನ್ನರಲ್ಲಿ ಅಭ್ಯಾಸದ ಬಣ್ಣ ನೀಲಿ. ಟ್ಯಾಂಕ್ ನಿರೋಧಕ ಎಂ15 ಮೈನಿನ ಅಭ್ಯಾಸದ ಜೋಡಿಯಾದ ಎಂ12 ನೀಲಿ ಮೈಯದು, ಬಿಳಿ ಅಕ್ಷರದ್ದು.

ಈ ಬಣ್ಣದ ಹಿಂದೆ, ಬಿಡಿಸಲಾಗದ ಒಂದು ತೊಡಕಿದೆ. ತರಬೇತಿ ಮೈನು ನಿಜದಂತೆಯೇ ಇರಬೇಕು, ಇಲ್ಲದಿದ್ದರೆ ಪಾಠ ಸುಳ್ಳಾಗುತ್ತದೆ. ಅದೇ ಹೊತ್ತಿಗೆ ಅದನ್ನು ನಿಜವೆಂದು ಯಾರೂ ಎಂದೂ ತಿಳಿಯಬಾರದು, ನಿಜವಾದದ್ದನ್ನು ತರಬೇತಿಯದೆಂದು ತಿಳಿಯುವುದಂತೂ ಸಲ್ಲದು. ಪ್ರತಿಯೊಂದು ಸೈನ್ಯವೂ ಈ ಎರಡರ ನಡುವೆ ಎಲ್ಲೋ ಒಂದು ಗೆರೆ ಎಳೆದಿದೆ. ಆ ಗೆರೆ ಎಲ್ಲಿದೆ ಎಂಬುದರಲ್ಲೇ ಆ ಸೈನ್ಯದ ಮನಸ್ಸು ಓದಲು ಸಿಗುತ್ತದೆ. ಕ್ಲೇಮೋರ್ ಇದಕ್ಕೆ ಒಳ್ಳೆಯ ನಿದರ್ಶನ. 1960ರ ಸುಮಾರಿಗೆ ಬಳಕೆಗೆ ಬಂದ ಎಂ18ಎ1 ಕ್ಲೇಮೋರ್ ನೆಲದ ಮೇಲೆ ನಿಲ್ಲಿಸುವ, 700 ಉಕ್ಕಿನ ಗುಂಡುಗಳನ್ನು ಒಂದೇ ದಿಕ್ಕಿಗೆ ತೂರುವ ಸಾಧನ. ಅದರ ಮುಂಬದಿಯಲ್ಲಿ ‘ಫ್ರಂಟ್ ಟುವರ್ಡ್ ಎನಿಮಿ’ ಎಂಬ ಉಬ್ಬಕ್ಷರಗಳಿವೆ. ಮೈಬಣ್ಣ ನೀಲಿಯಾದ ತರಬೇತಿ ಪ್ರತಿಯಲ್ಲೂ ಆ ಉಬ್ಬಕ್ಷರಗಳನ್ನು ಉಳಿಸಿಕೊಂಡಿದ್ದಾರೆ. ಕತ್ತಲೆಯಲ್ಲಿ ಬೆರಳು ಓದಬೇಕಾದ ಪಾಠ ಅದು, ಕಣ್ಣಿಗಷ್ಟೇ ಬಣ್ಣದ ಎಚ್ಚರಿಕೆ. ಟೆಲ್ಲರ್‌ಮೈನಿನ ಕವಾಯತು ಪ್ರತಿಯಲ್ಲಿ ಪಕ್ಕದ ಗೂಡು ಇದೆಯೇ ಎಂದು ನೋಡುವುದೂ ಇಂಥದೇ ಓದು. ಇದ್ದರೆ, ಪಾಠ ಹೂಳುವುದರ ಜೊತೆಗೆ ಎತ್ತುವುದರ ಬಗ್ಗೆಯೂ ಇತ್ತೆಂದು ಊಹಿಸಬಹುದು. ಸವೆದ ತಿರುಪಿನ ಎಳೆ, ಮೈನು ತಡಕುವ ಕೋಲಾದ ಪ್ರಾಡರ್ ಚುಚ್ಚಿದ ಗೀರು, ಪದರ ಪದರವಾಗಿ ಬಳಿದ ಬಣ್ಣ, ಇವೆಲ್ಲ ಎಷ್ಟು ತಂಡಗಳ ಕೈ ಇದರ ಮೇಲೆ ಆಡಿತೆಂಬುದರ ಲೆಕ್ಕ.

ಆದ್ದರಿಂದಲೇ ಒಂದು ರೂಢಿಯನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ನೀಲಿ ಮೈನಿಗೆ ಹಸಿರು ಬಳಿದು, ಹಳದಿ ಅಕ್ಷರ ಬರೆದು, ‘ಅಸಲಿ’ಯಂತೆ ಕಾಣಿಸುವುದು ಶಾಸನದ ಅಕ್ಷರ ಕೆತ್ತಿಹಾಕಿ ಬೇರೆ ಬರೆದಂತೆ. ಅದರಿಂದ ದಾಖಲೆ ಸಾಯುತ್ತದೆ. ಅಷ್ಟೇ ಅಲ್ಲ, ಆ ಸಂಗ್ರಹಕಾರ ತೀರಿಕೊಂಡ ಮೇಲೆ ಅಟ್ಟದಲ್ಲಿ ಅದನ್ನು ಕಾಣುವ ಮೊಮ್ಮಕ್ಕಳಿಗೂ ಪೊಲೀಸರಿಗೂ ಭಯ ಹುಟ್ಟಿಸುತ್ತದೆ. ಇದಕ್ಕೆ ವಿರುದ್ಧವಾದ ತಪ್ಪು ಇನ್ನೂ ಘೋರ: ಹೊರಗಿನ ಬಣ್ಣವನ್ನು ನಂಬಿ ಒಳಗನ್ನು ನಿರ್ಣಯಿಸುವುದು. ಪ್ರಾಕ್ಟೀಸ್ ಮೈನಿನ ಹೊಗೆಮದ್ದು ಬಳಸದೆ ಉಳಿದಿದ್ದರೆ ಬೆರಳು ಹಾರಿಸುವ ಶಕ್ತಿ ಅದಕ್ಕಿದೆ. ಸ್ಫೋಟಕ ತಜ್ಞರ ಲಿಖಿತ ಪ್ರಮಾಣವಿಲ್ಲದ ಯಾವ ಮೈನೂ ನಿಷ್ಕ್ರಿಯವಲ್ಲ ಎಂದೇ ಹಿಡಿಯಬೇಕು. ಇವನ್ನು ಇಟ್ಟುಕೊಳ್ಳುವ ಕಾನೂನು ದೇಶದಿಂದ ದೇಶಕ್ಕೆ ಬೇರೆ. ನಮ್ಮಲ್ಲಿ ಫೈರಿಂಗ್ ರೇಂಜುಗಳ ಅಂಚಿನಲ್ಲಿ ಗುಜರಿ ಆಯುವವರು ಸಿಡಿಯದ ಮದ್ದುಗುಂಡಿಗೆ ಬಲಿಯಾಗುತ್ತಿರುವಾಗ, ಈ ಹವ್ಯಾಸ ಖಾಸಗಿ ಮನೆಗಳಿಗಿಂತ ವಸ್ತುಸಂಗ್ರಹಾಲಯಗಳಲ್ಲಿ ಬೆಳೆಯುವುದೇ ಲೇಸು.

ಒಟ್ಟಾವಾ ಒಪ್ಪಂದ 1997ರ ಡಿಸೆಂಬರಿನಲ್ಲಿ ಸಹಿಗೆ ತೆರೆದು 1999ರ ಮಾರ್ಚ್ 1ರಂದು ಜಾರಿಗೆ ಬಂತು. ಅದರ ಮೂರನೆಯ ವಿಧಿ, ಪತ್ತೆ ಮತ್ತು ತೆರವಿನ ತರಬೇತಿಗಾಗಿ ಅತ್ಯಗತ್ಯವಾದಷ್ಟು ಜೀವಂತ ಮೈನುಗಳನ್ನು ಇರಿಸಿಕೊಳ್ಳಲು ಅವಕಾಶ ಕೊಡುತ್ತದೆ. ವಾಸನೆ ಹಿಡಿಯುವ ನಾಯಿಗೆ ಮದ್ದಿಲ್ಲದ ಪ್ರತಿಯಿಂದ ಪಾಠವಾಗದು ಎಂಬುದು ನಿಜ. ಆದರೆ ಗುರುತು ಹಿಡಿಯಲು, ಬಿಚ್ಚುವ ಕ್ರಮ ಕಲಿಯಲು ನಿಷ್ಕ್ರಿಯ ಪ್ರತಿ ಸಾಕು. ಗೋಲ್ಡನ್ ವೆಸ್ಟ್ ಎಂಬ ಸಂಸ್ಥೆ ಕಾಂಬೋಡಿಯಾದಲ್ಲಿ ತ್ರೀಡಿ ಮುದ್ರಣದಿಂದ ಇಂಥ ಸೀಳುಮಾದರಿಗಳನ್ನು ತಯಾರಿಸಿದೆ. ಭಾರತ ಈ ಒಪ್ಪಂದಕ್ಕೆ ಸಹಿ ಹಾಕಿಲ್ಲ. 8 ಗ್ರಾಂ ಕಬ್ಬಿಣದಷ್ಟಾದರೂ ಸುಳಿವನ್ನು ಶೋಧಕಕ್ಕೆ ಕೊಡದ ಮೈನು ಸಲ್ಲದೆನ್ನುವ ಇನ್ನೊಂದು ಅಂತರರಾಷ್ಟ್ರೀಯ ಕಟ್ಟಳೆಯನ್ನು ಒಪ್ಪಿದೆ. 2025ರಲ್ಲಿ ಲಿಥುವೇನಿಯಾ, ಲಾಟ್ವಿಯಾ, ಎಸ್ಟೋನಿಯಾ, ಪೋಲೆಂಡ್, ಫಿನ್ಲೆಂಡ್ ದೇಶಗಳು ಒಟ್ಟಾವಾದಿಂದ ಹೊರಬರುವ ನಿರ್ಧಾರ ಮಾಡಿದವು. ಮುಗಿಯಿತೆಂದುಕೊಂಡ ಆಯುಧ ಮತ್ತೆ ನೆಲ ಸೇರುವ ಈ ಹೊತ್ತಿನಲ್ಲಿ ಹಳೆಯ ತರಬೇತಿ ಮೈನುಗಳು ಹೇಳುವ ಪಾಠ ಹಳತಾಗಿಲ್ಲ.

ಇಂಥ ವಸ್ತು ತಮ್ಮ ಸುಪರ್ದಿಗೆ ಬಂದ ಸಂಗ್ರಹಾಲಯಗಳವರಲ್ಲಿ ನನ್ನ ಕೋರಿಕೆ ಇಷ್ಟು: ತಜ್ಞರಿಂದ ಮೊದಲು ಪರೀಕ್ಷೆ ಮಾಡಿಸಿರಿ; ಆಮೇಲೆ ತೂಕ, ಅಳತೆ, ಅಕ್ಷರ, ಬಣ್ಣದ ಪದರ, ಯಾರಿಂದ ಯಾವ ವರ್ಷ ಬಂತೆಂಬ ವಿವರ, ಎಲ್ಲವನ್ನೂ ಬರೆದಿಡಿರಿ; ಮೈಯನ್ನು ಉಜ್ಜಿ ಹೊಳಪು ಮಾಡಬೇಡಿರಿ.