ಬ್ಯಾನಿ

ನಮ್ಮ ಚಂದ್ರಬಂಡದ ಕಡೆ ಬರೀ 'ಬ್ಯಾನಿ' ಎಂದರೆ ಸಾಕು, ಯಾವ ಬ್ಯಾನಿ ಎಂದು ಯಾರೂ ಕೇಳುತ್ತಿರಲಿಲ್ಲ. "ಆಕೀಗೆ ಬ್ಯಾನಿ ಸುರು ಆಗ್ಯಾವ" ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಓಣಿಯ ಹಿರಿಯ ಹೆಂಗಸರು ಕೈಯೊಳಗಿನ ಕೆಲಸ ಬಿಟ್ಟು ಏಳುತ್ತಿದ್ದರು. ಗಂಡಸರು ಕಟ್ಟೆಗೆ ಹೋಗಿ ಕೂಡುತ್ತಿದ್ದರು. ಮಕ್ಕಳಾದ ನಮ್ಮನ್ನು ಹೊರಗಟ್ಟುತ್ತಿದ್ದರು. ಆದರೂ ಬಾಗಿಲ ಸಂದಿಯಿಂದ ಎಷ್ಟೋ ಕೇಳಿಸುತ್ತಿತ್ತು. ಉಳಿದದ್ದನ್ನು ಮುಂದೆ ನಮ್ಮ ಅಜ್ಜಿಯೇ ಹೇಳಿದಳು. ಒಂಬತ್ತು ಹೆತ್ತು ಐದು ಉಳಿಸಿಕೊಂಡವಳು ಅವಳು.

ಹೆರಿಗೆಗೆ ಸಿದ್ಧತೆ ಎಂದರೆ ಆಗ ಏಳನೆಯ ತಿಂಗಳ ಕುಬಸ, ಹಸಿರು ಬಳೆ, ಬುತ್ತಿ. ಅದು ಊರಿಗೆ ಕಾಣುವ ಭಾಗ. ಕಾಣದ ಭಾಗ ಬೇರೆಯೇ ಇತ್ತು. ಹಳೆಯ ಮೆತ್ತನ್ನ ಸೀರೆಗಳನ್ನು ಒಗೆದು ಗಂಟು ಕಟ್ಟಿಡುವುದು, ನೀರು ಕಾಯಿಸಲು ಕುಳ್ಳು ಕಟ್ಟಿಗೆ ಕೂಡಿಹಾಕುವುದು, ಅಳವಿ, ಅಂಟು, ಒಣಕೊಬ್ಬರಿ ತರಿಸಿಡುವುದು. ಹೊರಸಿನ ಹುರಿ ಸಡಿಲಾಗಿದ್ದರೆ ಬಿಗಿಸುವುದು. ಇಷ್ಟೆಲ್ಲ ಆದ ಮೇಲೆ ನೋವಿಗೆ ಏನು ಮದ್ದು ಇತ್ತಜ್ಜಿ ಎಂದು ಕೇಳಿದರೆ ಅವಳು ಎರಡೂ ಕೈ ಮುಂದೆ ಹಿಡಿದು ತೋರಿಸಿದಳು. ಸೂಲಗಿತ್ತಿಯ ಕೈ! ತೊಲೆಗೆ ಒಂದು ಹಗ್ಗ ಕಟ್ಟಿರುತ್ತಿದ್ದರಂತೆ. ಅದನ್ನು ಹಿಡಿದು ಮಂಡಿಯೂರಿ ಕೂತರೆ, ಹಿಂದಿನಿಂದ ಸೂಲಗಿತ್ತಿ ಸೊಂಟಕ್ಕೆ ಮೊಣಕಾಲು ಕೊಟ್ಟು ಒತ್ತುತ್ತಿದ್ದಳು, ಬಿಸಿನೀರಿನ ಅರಿವೆ ಇಡುತ್ತಿದ್ದಳು, ಔಡಲೆಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಬ್ಯಾನಿಯ ನಡುವೆ ಎಬ್ಬಿಸಿ ಪಡಸಾಲೆಯಲ್ಲಿ ಅಡ್ಡಾಡಿಸುತ್ತಿದ್ದಳು. ಈಗಿನ ವೈದ್ಯಶಾಸ್ತ್ರವೂ ನಡೆದಾಡಿಸಿ, ನೆಟ್ಟಗೆ ಕೂಡಿಸಿ, ಬೆನ್ನು ಒತ್ತಿ ಎಂದೇ ಹೇಳುತ್ತದೆ. ಅವಳು ಯಾವ ಪುಸ್ತಕ ಓದಿದ್ದಳು?

ಹಾಗೆಂದು ಆ ಕಾಲವನ್ನು ಹೊಗಳಿ ಪಲ್ಲಕ್ಕಿ ಹೊರಲು ನಾನು ತಯಾರಿಲ್ಲ. ಅದೇ ಸೂಲಗಿತ್ತಿ ಹೊಕ್ಕಳಬಳ್ಳಿಯನ್ನು ಕುಡುಗೋಲಿನಿಂದ ಕೊಯ್ಯುತ್ತಿದ್ದಳು. ಎಂಟನೆಯ ದಿನಕ್ಕೆ ಕೂಸು ಸೆಟೆದುಕೊಂಡು ಹೋದರೆ ಅದು ಧನುರ್ವಾಯು ಎಂದು ಯಾರಿಗೆ ತಿಳಿಯಬೇಕು, ದೃಷ್ಟಿಯಾಯಿತು ಎನ್ನುತ್ತಿದ್ದರು. ತಾಯಿಗೆ ಜ್ವರವೇರಿದರೆ ಬಾಣಂತಿ ಸನ್ನಿ. ನಮ್ಮ ಅಜ್ಜಿಯ ನಾಲ್ಕು ಮಕ್ಕಳು ಹೋದದ್ದು ಇಂಥ ಹೆಸರುಗಳಲ್ಲಿಯೇ. ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿರ್ಮೂಲವಾಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2015ರಲ್ಲಿ. ಇನ್ನೊಂದು ಮಾತು. ಮನೆಯ ಮಗಳ ಮೈಯನ್ನೆಲ್ಲ ಮುಟ್ಟಿ ಜೀವ ಉಳಿಸಿದ ಆ ಕೈಗೆ ಅಡುಗೆಮನೆಯ ಹೊಸ್ತಿಲು ದಾಟುವ ಹಕ್ಕಿರಲಿಲ್ಲ. ಮರದ ತುಂಬ ಜೋಳ, ಒಂದು ಕುಬಸದ ಕಣ ಅಂಗಳದಲ್ಲಿಯೇ ಅವಳ ಉಡಿಗೆ ಬೀಳುತ್ತಿತ್ತು.

ಇನ್ನು ದೂರದ ಕಥೆ. 1847ರ ನವೆಂಬರದಲ್ಲಿ ಎಡಿನ್‌ಬರೋದ ಡಾ. ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಯಲ್ಲಿ ಕ್ಲೋರೋಫಾರ್ಮ್ ಬಳಸಿದ. ಹೆಣ್ಣು ನೋವಿನಿಂದಲೇ ಹೆರಬೇಕೆಂದು ದೇವರೇ ಹೇಳಿದ್ದಾನೆ ಎಂದು ಆಗ ತಕರಾರು ತೆಗೆದವರೂ ಇದ್ದರು. 1853ರ ಏಪ್ರಿಲ್‌ನಲ್ಲಿ ವಿಕ್ಟೋರಿಯಾ ರಾಣಿ ತನ್ನ ಎಂಟನೆಯ ಮಗು ಲಿಯೊಪೋಲ್ಡನನ್ನು ಹೆರುವಾಗ ಡಾ. ಜಾನ್ ಸ್ನೋ ಕೈಯಿಂದ ಕರವಸ್ತ್ರದ ಮೇಲೆ ಕ್ಲೋರೋಫಾರ್ಮ್ ತೆಗೆದುಕೊಂಡಳು. ರಾಣಿಯೇ ತೆಗೆದುಕೊಂಡ ಮೇಲೆ ತಕರಾರಿನ ದನಿ ತಗ್ಗಿತು. ಬಡವಿಯೊಬ್ಬಳು ತೆಗೆದುಕೊಂಡಿದ್ದರೆ ತಗ್ಗುತ್ತಿತ್ತೇ ಎಂಬುದು ನನ್ನ ಅನುಮಾನ.

ಈ ಕಥೆಗೂ ಚಂದ್ರಬಂಡಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಇದೆ. 1948ರವರೆಗೆ ನಮ್ಮ ರಾಯಚೂರು ಜಿಲ್ಲೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಆ ನಿಜಾಮರ ಹಣದಿಂದಲೇ 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳು ಕೂತವು. ಅಲ್ಲಿನ ವೈದ್ಯಶಾಲೆಯ ಮುಖ್ಯಸ್ಥ ಎಡ್ವರ್ಡ್ ಲಾರಿಯೇ ಅದರ ಮುಂದಾಳು. ಲಂಡನ್ನಿನಿಂದ ಲಾಡರ್ ಬ್ರಂಟನ್ ಎಂಬ ದೊಡ್ಡ ವೈದ್ಯ ಬಂದ. ನಾಯಿ, ಮಂಗಗಳ ಮೇಲೆ ನೂರಾರು ಪ್ರಯೋಗಗಳಾದವು. ಉಸಿರಾಟ ನೋಡುತ್ತಿದ್ದರೆ ಕ್ಲೋರೋಫಾರ್ಮಿನಿಂದ ಅಪಾಯವಿಲ್ಲ ಎಂದು ಅವರು ಹೇಳಿದರು. ಎದೆಗೂ ಅದರಿಂದ ಅಪಾಯವುಂಟು ಎಂಬುದು ಮುಂದೆ 1911ರ ಹೊತ್ತಿಗೆ ತಿಳಿಯಿತು, ಅದಿರಲಿ. ನನ್ನ ಕಣ್ಣು ನೆಟ್ಟದ್ದು ಇನ್ನೊಬ್ಬರ ಮೇಲೆ. ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರ್ಸಿ ಹೆಣ್ಣುಮಗಳು ಆ ಶಾಲೆಯಲ್ಲಿ ಕಲಿತು, ಹೈದರಾಬಾದಿನ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಕ್ಲೋರೋಫಾರ್ಮ್ ಕೊಡುವ ಕೆಲಸ ಮಾಡಿದಳು. ಜಗತ್ತಿನ ಮೊದಲ ಮಹಿಳಾ ಅರವಳಿಕೆ ತಜ್ಞೆ ಎಂದು ಈಗ ಬಹಳ ಜನ ಅವಳನ್ನು ಕರೆಯುತ್ತಾರೆ. ನಮ್ಮದೇ ರಾಜ್ಯದ ರಾಜಧಾನಿಯಲ್ಲಿ, ನಮ್ಮಂಥದೇ ಒಂದು ಹೆಣ್ಣು!

1871ರಿಂದಲೇ ಮುಂಬಯಿ–ಮದರಾಸಿನ ರೈಲು ರಾಯಚೂರಿನಲ್ಲಿ ನಿಲ್ಲುತ್ತಿತ್ತು. ಹತ್ತಿ ಹೋಯಿತು, ಕಾಗದ ಬಂತು, ತೆರಿಗೆ ಹೋಯಿತು. ಆ ಸೀಸೆ ಮಾತ್ರ ನಮ್ಮ ಅಜ್ಜಿಯ ಕೋಣೆಯವರೆಗೆ ಬರಲಿಲ್ಲ. "ಬ್ಯಾನಿ ತಡಕೊಂಡ್ರ ಕೂಸು ಬರ್ತದ, ಚೀರಿದ್ರ ಓಣಿ ಬರ್ತದ" ಎಂಬ ಅವಳ ಮಾತು ಬಂತು. ನಮ್ಮ ಅವ್ವ ಅದನ್ನು ನಂಬಿ ಬಾಯಿಗೆ ಸೆರಗು ಒತ್ತಿಕೊಂಡು ಹೆತ್ತಳು.

ನನ್ನ ಹೊತ್ತಿಗೆ ಡಾ. ಅನುಪಮಾ ನಿರಂಜನರ 'ತಾಯಿ ಮಗು' ಕೈಗೆ ಬಂದಿತ್ತು. ಹೆರಿಗೆ ದವಾಖಾನೆಗೆ ಬಂದಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಜೀವ ಉಳಿಯುತ್ತವೆ, ಅದಕ್ಕಿಂತ ದೊಡ್ಡದಿಲ್ಲ. ಆದರೆ ಆ ದಾರಿಯಲ್ಲಿ ಬೆನ್ನಿಗಿದ್ದ ಕೈ ಹೊರಗೇ ಉಳಿಯಿತು. ಬಾಗಿಲು ಹಾಕಿದ ಕೋಣೆ, ಮೇಲುಮುಖ ಮಾಡಿ ಮಲಗಿಸಿದ ಮಂಚ, ಚೀರಿದರೆ ಬೈಗಳು. 2016ರಲ್ಲಿ ಕೇಂದ್ರ ಸರ್ಕಾರವೇ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರುವವಳ ಜೊತೆ ಒಬ್ಬ ಹೆಂಗಸು ಇರಬಹುದೆಂದು ಹೇಳಿತು. ಇದನ್ನು ಕೇಳಿ ಪಡೆಯಬೇಕೆಂದು ಎಷ್ಟು ಜನಕ್ಕೆ ಗೊತ್ತು?

ಕೇಳುವುದು ಇನ್ನೂ ಇದೆ. ಪೆಥಿಡಿನ್‌ನಂಥ ಚುಚ್ಚುಮದ್ದು ನೋವನ್ನು ಮಂಕು ಮಾಡುತ್ತದೆ, ಜೊತೆಗೆ ತಾಯಿಗೂ ಮಂಪರು ತರುತ್ತದೆ. ಹೆರಿಗೆಗೆ ತೀರ ಹತ್ತಿರ ಕೊಟ್ಟರೆ ಕೂಸಿನ ಉಸಿರು ನಿಧಾನವಾಗಬಹುದು. ಮೂತಿಗೆ ಹಿಡಿದು ಎಳೆದುಕೊಳ್ಳುವ ಗ್ಯಾಸು ಕೆಲವು ಊರುಗಳಲ್ಲಿದೆ. ಎಪಿಡ್ಯೂರಲ್ ಎಂದರೆ ಬೆನ್ನಿನಲ್ಲಿ ಸಣ್ಣ ಕೊಳವೆ ಇಟ್ಟು ಸೊಂಟದ ಕೆಳಗಿನ ನೋವನ್ನಷ್ಟೇ ತಡೆಯುವುದು. ಎಚ್ಚರ ಇರುತ್ತದೆ. ರಕ್ತದೊತ್ತಡ ಇಳಿಯದಂತೆ ನೋಡಿಕೊಳ್ಳಲು ಅರವಳಿಕೆ ವೈದ್ಯರು ಬೇಕೇ ಬೇಕು. ಅದರಿಂದ ಜನ್ಮಪೂರ್ತಿ ಬೆನ್ನುನೋವು ಬರುತ್ತದೆ ಎಂಬ ಮಾತಿಗೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಸಿಜೇರಿಯನ್ ಹೆಚ್ಚುತ್ತದೆ ಎಂಬುದಕ್ಕೂ ಇಲ್ಲ. ಬ್ಯಾನಿಗೆ ಹೆದರಿ ಮೊದಲೇ ಸಿಜೇರಿಯನ್ ಕೇಳುವ ಹುಡುಗಿಯರಿಗೆ ಇದನ್ನು ಯಾರಾದರೂ ಕೂತು ಹೇಳಬೇಕು.

ನಮ್ಮ ತಮ್ಮನ ಮಗಳು ಏಳನೆಯ ತಿಂಗಳಲ್ಲೇ ಡಾಕ್ಟರಮ್ಮನನ್ನು ನೇರವಾಗಿ ಕೇಳಿದಳು, "ಬ್ಯಾನಿ ಕಡಿಮಿ ಮಾಡ್ಲಿಕ್ಕೆ ನಿಮ್ಮಲ್ಲಿ ಏನದರೀ?" ಎಪಿಡ್ಯೂರಲ್ ಕೊಡಬಹುದು, ಆದರೆ ಆ ಡಾಕ್ಟರು ಹೊರಗಿನಿಂದ ಬರಬೇಕು, ರಾತ್ರಿಯಾದರೆ ಮಾತು ಕೊಡಲಾರೆ ಎಂದರು ಅವರು. ನಿಜ ಹೇಳಿದ್ದಕ್ಕೆ ನನಗೆ ಅವರ ಮೇಲೆ ಗೌರವ ಬಂತು. ಹುಡುಗಿ ಅಷ್ಟಕ್ಕೇ ಬಿಡದೆ, ಹಾಗಾದರೆ ನಮ್ಮತ್ತಿ ಒಳಗಿರಬೇಕು, ಅಡ್ಡಾಡಲು ಬಿಡಬೇಕು ಎಂದು ಒಪ್ಪಿಸಿಕೊಂಡು ಬಂದಳು.

ಬ್ಯಾನಿ ಶುರುವಾದದ್ದು ರಾತ್ರಿ ಹನ್ನೊಂದಕ್ಕೆ. ನಾನು ಅಜ್ಜಿ ತೋರಿಸಿದಂತೆ ಸೊಂಟ ಒತ್ತುತ್ತ ಕೂತೆ. ಮೂರು ಗಂಟೆಯ ಸುಮಾರಿಗೆ ಅವಳು ಬಾಯಿಗೆ ಸೆರಗು ಒಯ್ದಳು. ನಾನು ಅದನ್ನು ಕಿತ್ತು, "ಚೀರವ್ವ, ಓಣಿ ದೂರದ" ಎಂದೆ. ಇಡೀ ನರ್ಸಿಂಗ್ ಹೋಮಿಗೆ ಕೇಳುವಂತೆ ಚೀರಿದಳು. ಐದೂವರೆಗೆ ಹೆಣ್ಣುಕೂಸು ಹುಟ್ಟಿತು, ಎರಡು ಕಿಲೋ ಎಂಟುನೂರು ಗ್ರಾಂ. ಅರವಳಿಕೆ ಡಾಕ್ಟರು ಬಂದಾಗ ಏಳು ಗಂಟೆಯಾಗಿತ್ತು.