ಬಳ್ಳಿಯಿಂದ ಬಳೆಯವರೆಗೆ

ಹುಣಸೂರು, ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣದ ಕಾಡಂಚಿನ ಜೇನುಕುರುಬರಿಗೆ ಹೆಸರು ಬಂದದ್ದೇ ಕಸುಬಿನಿಂದ. ಹೆಜ್ಜೇನು ಗೂಡು ಕಟ್ಟುವುದು ಎತ್ತರದ ಕೊಂಬೆಗೆ, ಇಲ್ಲವೇ ಕಡಿದಾದ ಬಂಡೆಗೆ. ನೆರೆಯ ನೀಲಗಿರಿಯ ಕುರುಂಬರು ಬಳ್ಳಿಯ ಏಣಿಯನ್ನು ಬಂಡೆ ನೆತ್ತಿಯ ಮರಕ್ಕೆ ಬಿಗಿದು, ಹೊಗೆ ಹಾಕುತ್ತ ಪ್ರಪಾತಕ್ಕೆ ಇಳಿಯುತ್ತಿದ್ದರು. ಜೀವವೆಲ್ಲ ಆ ಮರದ ಮೇಲೆ.

ಆಲ್ಪ್ಸ್‌ನಲ್ಲಿ ಇಳಿಯುವ ಬಗೆ ಬೇರೆಯಾಯಿತು. 1876ರಲ್ಲಿ ಪೆಟಿ ಡ್ರು ಶಿಖರ ಏರಲಾಗದೆ ಮರಳುವಾಗ, ಶಾಮೊನಿಯ ಮಾರ್ಗದರ್ಶಿ ಜ್ಯಾನ್ ಶಾರ್ಲೆ ಇಮ್ಮಡಿಸಿದ ಹಗ್ಗದಲ್ಲಿ ಇಳಿದು, ಒಂದು ತುದಿ ಎಳೆದು ಹಗ್ಗವನ್ನೂ ಇಳಿಸಿಕೊಂಡನೆನ್ನುತ್ತಾರೆ. 1879ರಲ್ಲಿ ಅದೇ ಶಿಖರ ಗೆದ್ದ.

ಹೀಗೆ ಇಮ್ಮಡಿಸಿದ ಹಗ್ಗವನ್ನು ಮರಕ್ಕೇ ಬಳಸಿದರೆ ಎಳೆದಾಗಲೆಲ್ಲ ತೊಗಟೆ ಉಜ್ಜುತ್ತದೆ. ಅದರಡಿಯ ಬೆಳೆಯುವ ತೆಳುಪದರ ಸುತ್ತಲೂ ಸವೆದರೆ ಮರ ಒಣಗುತ್ತದೆ. ರಾಮನಗರ, ಸಾವನದುರ್ಗದ ಗ್ರಾನೈಟ್ ಬಿರುಕುಗಳಲ್ಲಿ ಬೇರೂರಿದ ಮರಗಳಿಗೆ ಮಣ್ಣೇ ಹಿಡಿಯಷ್ಟು.

ಇದಕ್ಕೆ ಮದ್ದು ಮರ ಹತ್ತಿ ಕೊಂಬೆ ಸವರುವವರ ಬಳಿ ಇದೆ. ಮರಕ್ಕೆ ಬಳಸುವ ಅಗಲ ಪಟ್ಟಿಯ ಒಂದು ತುದಿಗೆ ದೊಡ್ಡ ಬಳೆ, ಇನ್ನೊಂದಕ್ಕೆ ಚಿಕ್ಕದು. ಹಗ್ಗ ಓಡುವುದು ಬಳೆಗಳೊಳಗೆ, ತೊಗಟೆಯ ಮೇಲಲ್ಲ. ಇಳಿದ ಮೇಲೆ ದೊಡ್ಡ ಬಳೆಯ ಕಡೆಯ ಹಗ್ಗದ ತುದಿಗೆ ಗಂಟು ಹಾಕಿ ಇನ್ನೊಂದು ತುದಿ ಎಳೆದರೆ, ಗಂಟು ದೊಡ್ಡ ಬಳೆ ದಾಟಿ ಚಿಕ್ಕದರಲ್ಲಿ ಸಿಕ್ಕಿಕೊಳ್ಳುತ್ತದೆ; ಪಟ್ಟಿಯೂ ಜಾರಿ ಕೆಳಗೆ ಬರುತ್ತದೆ.